ಯೂನಿವರ್ಸಿಟಿಯ ಅಡಿಯಲ್ಲಿ ಸ್ಮಶಾನ: ಥೆಸಲೊನೀಕಿಯ ಯಹೂದಿ ಗೋರಿಗಳು ಎಲ್ಲಿ ಹೋದವು?

ನಕ್ಷೆಪ್ರೇಮಿ (ಚರ್ಚೆ ಶುರು ಮಾಡಿದವರು)

ಗ್ರೀಸ್ ದೇಶದ ಎರಡನೇ ದೊಡ್ಡ ಊರು ಥೆಸಲೊನೀಕಿ. ಅಲ್ಲಿನ ಅರಿಸ್ಟಾಟಲ್ ಯೂನಿವರ್ಸಿಟಿ ಆ ದೇಶಕ್ಕೇ ದೊಡ್ಡದು. ಹಳೇ ಕೋಟೆಗೋಡೆಯ ಪೂರ್ವಕ್ಕೆ, ಪೇಟೆಯಿಂದ ನಡೆದೇ ಹೋಗುವಷ್ಟು ಹತ್ತಿರ ಅದರ ಕ್ಯಾಂಪಸ್ ಇದೆ. ನಾನು ಓದಿದ್ದು ಅಲ್ಲೇ. ಲೈಬ್ರರಿ, ಲ್ಯಾಬು, ಗೋಡೆ ತುಂಬಾ ಪೋಸ್ಟರು, ಕಾಫಿ ಹಿಡಿದು ಹರಟೆ ಹೊಡೆಯುವ ಹುಡುಗರು. ಎಲ್ಲಾ ಕಾಲೇಜಿನ ಹಾಗೇ.

ಆ ಕ್ಯಾಂಪಸ್ಸಿನ ಬಹುಪಾಲು ನಿಂತಿರುವುದು ಯಹೂದಿಗಳ ಸ್ಮಶಾನದ ಮೇಲೆ. ಸಣ್ಣಪುಟ್ಟದ್ದಲ್ಲ. ಸುಮಾರು 86 ಎಕರೆ. ಗೋರಿಗಳ ಲೆಕ್ಕವನ್ನು ಒಬ್ಬರು ಮೂರು ಲಕ್ಷ ಅಂತಾರೆ, ಇನ್ನೊಬ್ಬರು ಐದು ಲಕ್ಷ ಅಂತಾರೆ. ಯುರೋಪಿನ ಅತಿ ದೊಡ್ಡ ಯಹೂದಿ ಸ್ಮಶಾನಗಳ ಸಾಲಿಗೆ ಸೇರಿದ್ದ ಜಾಗ ಅದು. 1942ರ ಡಿಸೆಂಬರ್ 6ರಂದು ಅದನ್ನು ಒಡೆಯಲು ಶುರು ಮಾಡಿದರು. ಕೆಲವೇ ವಾರಗಳಲ್ಲಿ ಗುರುತು ಸಿಗದ ಹಾಗೆ ಆಗಿಹೋಯಿತು.

ಸಾಮಾನ್ಯವಾಗಿ ಇದನ್ನು 'ನಾಜಿಗಳು ಸ್ಮಶಾನ ಕೆಡವಿದರು' ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಸಾಲು ಅರ್ಧ ಮಾತ್ರ ನಿಜ. ಅದರ ಬಗ್ಗೆ ಮಾತಾಡೋಣ ಅಂತ ಈ ಚರ್ಚೆ ತೆರೆದಿದ್ದೇನೆ.

ತುಂಗಾತೀರ

ಮೊದಲು ಒಂದು ಪೆದ್ದು ಪ್ರಶ್ನೆ. ಗ್ರೀಸಿನಲ್ಲಿ ಅಷ್ಟೊಂದು ಯಹೂದಿಗಳು ಎಲ್ಲಿಂದ ಬಂದರು? ಪೋಲೆಂಡು, ಜರ್ಮನಿ ಅಂದ್ರೆ ಗೊತ್ತು.

ನಕ್ಷೆಪ್ರೇಮಿ

ಪೆದ್ದು ಪ್ರಶ್ನೆ ಏನಲ್ಲ. ಅಲ್ಲಿಗೆ ಹೋಗುವ ಮುಂಚೆ ನನಗೂ ಗೊತ್ತಿರಲಿಲ್ಲ.

ಆ ಊರಿನಲ್ಲಿ ಯಹೂದಿಗಳು ರೋಮನ್ನರ ಕಾಲದಿಂದಲೂ ಇದ್ದರು. ಸಂತ ಪೌಲ ಅಲ್ಲಿನ ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಮಾತಾಡಿದ ಕಥೆ ಬೈಬಲ್ಲಿನಲ್ಲೇ ಇದೆ. ಆದರೆ ದೊಡ್ಡ ಗುಂಪು ಬಂದದ್ದು 1492ರ ನಂತರ. ಸ್ಪೇನಿನ ರಾಜ ರಾಣಿ ಯಹೂದಿಗಳನ್ನು ದೇಶ ಬಿಟ್ಟು ಓಡಿಸಿದರು. ಆಗ ಥೆಸಲೊನೀಕಿಯನ್ನು ಆಳುತ್ತಿದ್ದ ಒಟ್ಟೋಮನ್ (ತುರ್ಕಿ) ಸುಲ್ತಾನ ಎರಡನೇ ಬಯಜೀದ್ ಬನ್ನಿ ಅಂದ. ಸಾವಿರಾರು ಜನ ಹಡಗು ಹತ್ತಿ ಬಂದರು. ಊರು ಆಗ ಹೆಚ್ಚುಕಮ್ಮಿ ಖಾಲಿ ಹೊಡೆಯುತ್ತಿತ್ತು. ಬಂದವರು ನೇಯ್ಗೆ ಶುರು ಮಾಡಿದರು. ಒಟ್ಟೋಮನ್ ಸೈನಿಕರಿಗೆ ಉಣ್ಣೆಬಟ್ಟೆ ಇವರದ್ದೇ. ಮನೆಯಲ್ಲಿ ಆಡುತ್ತಿದ್ದದ್ದು ಹಳೇ ಸ್ಪ್ಯಾನಿಷ್, ಲಡೀನೊ ಅಂತಾರೆ. ನಾಲ್ಕೂವರೆ ಶತಮಾನ ಆ ಭಾಷೆಯನ್ನು ಬಿಡಲಿಲ್ಲ.

ಬಂದರಿನ ಹಮಾಲರು, ಮೀನುಗಾರರು, ತಂಬಾಕು ಕಾರ್ಖಾನೆ ಕೆಲಸದವರು, ವ್ಯಾಪಾರಿಗಳು, ಎಲ್ಲರಲ್ಲೂ ಇವರೇ ಜಾಸ್ತಿ. ಶನಿವಾರ ಬಂದರಿಗೇ ರಜೆ. 1912ರಲ್ಲಿ ಊರು ಗ್ರೀಸಿನ ಕೈಗೆ ಬಂತು. ಮರುವರ್ಷ ಜನಗಣತಿ ಆಯಿತು. ಒಟ್ಟು 1,57,889 ಜನರಲ್ಲಿ 61,439 ಯಹೂದಿಗಳು. ಮುಸ್ಲಿಮರು 45,867. ಗ್ರೀಕರು 39,956. ಅಂದರೆ ಊರು ಗೆದ್ದ ಗ್ರೀಕರೇ ಊರಿನಲ್ಲಿ ಮೂರನೇ ಸ್ಥಾನ! ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕು.

ಸಂಪಿಗೆಮರ

ನಾನು ಅಲ್ಲಿನ ಯಹೂದಿ ಮ್ಯೂಸಿಯಂ ನೋಡಿದ್ದೇನೆ. ಕೆಳಗಿನ ಹಾಲ್ ಪೂರ್ತಿ ಆ ಸ್ಮಶಾನದಿಂದ ಉಳಿದ ಕಲ್ಲುಗಳು. ಪಕ್ಕದಲ್ಲೇ ಹಳೇ ಫೋಟೋಗಳು. ಪ್ರಾಗ್ ಊರಿನ ಸ್ಮಶಾನದ ಚಿತ್ರ ನೋಡಿದವರು ನಿಂತ ಕಲ್ಲುಗಳನ್ನು ಕಲ್ಪಿಸಿಕೊಳ್ಳುತ್ತೀರಿ, ಅಲ್ವಾ? ಇಲ್ಲಿ ಹಾಗಿಲ್ಲ. ಸ್ಪೇನಿನಿಂದ ಬಂದವರ ಪದ್ಧತಿಯಲ್ಲಿ ಕಲ್ಲನ್ನು ಗೋರಿಯ ಮೇಲೆ ಮಲಗಿಸುತ್ತಾರೆ. ಫೋಟೋದಲ್ಲಿ ಗುಡ್ಡದ ಇಳಿಜಾರಿನ ಮೇಲೆ ಚಪ್ಪಡಿಗಳೇ ಚಪ್ಪಡಿಗಳು. ಮರ ಇಲ್ಲ, ಬೇಲಿ ಇಲ್ಲ. ಒಂದಕ್ಕೊಂದು ಒತ್ತಿಕೊಂಡು ಬಿದ್ದಿವೆ. ನಡುವೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಕೂತು ಪ್ರಾರ್ಥನೆ ಮಾಡುತ್ತಿದ್ದಾರೆ.

ಕಲ್ಲುಗಳಲ್ಲಿ ಇನ್ನೊಂದು ವಿಷಯ ಇದೆ. ಆ ಜಾಗ ಅದಕ್ಕೂ ಮುಂಚೆ ಗ್ರೀಕ್ ಮತ್ತು ರೋಮನ್ ಕಾಲದ ಸ್ಮಶಾನವೂ ಆಗಿತ್ತು. ಅಗೆದರೆ ಹಳೇ ಅಮೃತಶಿಲೆ ಸಿಗುತ್ತಿತ್ತು. ಒಳ್ಳೇ ಕಲ್ಲು ಬಿಸಾಡೋಕಾಗುತ್ತಾ? ಹಿಂದೆ ಗ್ರೀಕ್ ಅಕ್ಷರ, ಮುಂದೆ ಹೀಬ್ರೂ. ಎಷ್ಟೋ ಕಲ್ಲು ಹೀಗೆ ಎರಡು ಸಲ ಗೋರಿಗಲ್ಲಾಗಿವೆ.

ಬಯಲುಸೀಮೆ

ಒಪ್ಪಿದೆ, ಬೇಸರದ ವಿಷಯವೇ. ಆದರೆ 'ಅರ್ಧ ಮಾತ್ರ ನಿಜ' ಅಂದಿರಲ್ಲ, ಅದು ನನಗೆ ಸರಿ ಕಾಣಲಿಲ್ಲ. 1942ರಲ್ಲಿ ಊರು ಜರ್ಮನ್ ಸೈನ್ಯದ ಕೈಯಲ್ಲಿತ್ತು. ಗ್ರೀಕರೇ ಹಸಿವಿನಿಂದ ಸಾಯುತ್ತಿದ್ದರು. ಬೂಟುಗಾಲಿನ ಕೆಳಗೆ ಇದ್ದವರ ಮೇಲೆ ತಪ್ಪು ಹೊರಿಸೋದು ಈಗ ಕೂತು ಬರೆಯುವವರಿಗೆ ಸುಲಭ.

ನಕ್ಷೆಪ್ರೇಮಿ

ಬಯಲುಸೀಮೆ ಅವರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೂ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

1917ರ ಆಗಸ್ಟಿನಲ್ಲಿ ಊರಿಗೆ ಬೆಂಕಿ ಬಿತ್ತು. ಒಂದು ಅಡುಗೆಮನೆಯಲ್ಲಿ ಹೊತ್ತಿದ ಕಿಡಿ ಅಂತಾರೆ. ಸುಮಾರು 9,500 ಮನೆ ಸುಟ್ಟವು. 70 ಸಾವಿರಕ್ಕೂ ಜಾಸ್ತಿ ಜನ ಬೀದಿಗೆ ಬಂದರು, ಅದರಲ್ಲಿ ಹೆಚ್ಚಿನವರು ಯಹೂದಿಗಳೇ. ಸರ್ಕಾರ ಎರ್ನೆಸ್ತ್ ಎಬ್ರಾರ್ ಅನ್ನುವ ಫ್ರೆಂಚ್ ಯೋಜಕನನ್ನು ಕರೆಸಿ ಹೊಸ ಊರಿನ ನಕ್ಷೆ ಬರೆಸಿತು. ಅಗಲವಾದ ರಸ್ತೆ, ಸಮುದ್ರದ ಕಡೆ ತೆರೆದ ಚೌಕ, ಮತ್ತು ಊರಿನ ಪೂರ್ವಕ್ಕೆ ಒಂದು ಯೂನಿವರ್ಸಿಟಿ. ಅದೇ ಸ್ಮಶಾನದ ದಿಕ್ಕಿಗೆ.

1923ರಲ್ಲಿ ಟರ್ಕಿ ಜೊತೆ ಜನರ ಅದಲುಬದಲು. ಮುಸ್ಲಿಮರು ಊರು ಬಿಟ್ಟರು, ಅನಟೋಲಿಯಾದಿಂದ ಗ್ರೀಕ್ ನಿರಾಶ್ರಿತರು ಬಂದು ತುಂಬಿದರು. ಹೋದವರ ಸ್ಮಶಾನಗಳು ಆಗಲೇ ಮಾಯವಾದವು, ಕೇಳುವವರು ಯಾರೂ ಇರಲಿಲ್ಲ. ಊರಿನ ಹಿಡಿತ ಗ್ರೀಕರಿಗೆ ಬಂತು. 1925ರಲ್ಲಿ ಯೂನಿವರ್ಸಿಟಿ ಸ್ಥಾಪನೆಯ ಕಾನೂನು. ಪಾಠ ಶುರುವಾಗಿದ್ದು ಒಟ್ಟೋಮನ್ ಕಾಲದ ಒಂದು ಹೈಸ್ಕೂಲ್ ಕಟ್ಟಡದಲ್ಲಿ. ಕಟ್ಟಡದ ಆಚೆಗೇ ಗೋರಿಗಳು.

ಅಲ್ಲಿಂದ ಮುಂದೆ ಹದಿನೈದು ವರ್ಷ ಹಗ್ಗಜಗ್ಗಾಟ. ಊರು ಬೆಳೆಯಲು ಅಡ್ಡ, ಆರೋಗ್ಯಕ್ಕೆ ಕೆಟ್ಟದ್ದು, ಊರ ನಡುವೆ ಹೆಣ ಯಾಕೆ ಅಂತ ಪತ್ರಿಕೆಗಳು ಬರೆದವು. ಯಹೂದಿ ಸಮಾಜದವರು ಮನವಿ ಬರೆದರು, ಮಂತ್ರಿಗಳನ್ನು ಕಂಡರು, ಕಾಲ ತಳ್ಳಿದರು. 1937ರಲ್ಲಿ, ಮೆಟಾಕ್ಸಾಸ್ ಸರ್ವಾಧಿಕಾರದ ಕಾಲದಲ್ಲಿ, ಒಂದು ರಾಜಿ ಆಯಿತು. ಸ್ಮಶಾನದ ಒಂದು ಪಾಲು ಯೂನಿವರ್ಸಿಟಿಗೆ ಹೋಯಿತು. ಮಿಕ್ಕಿದ್ದು ಉಳಿಯುತ್ತೆ ಅಂತ ಇವರು ನಂಬಿದರು.

ಜರ್ಮನ್ನರು ಊರಿಗೆ ಕಾಲಿಟ್ಟಿದ್ದು 1941ರ ಏಪ್ರಿಲ್ 9. ನೋಡಿ, ಅಷ್ಟರೊಳಗೆ ಈ ಜಗಳಕ್ಕೆ ಎಷ್ಟು ವಯಸ್ಸಾಗಿತ್ತು!

1942ರ ಜುಲೈ 11, ಶನಿವಾರ. 18ರಿಂದ 45 ವರ್ಷದ ಯಹೂದಿ ಗಂಡಸರೆಲ್ಲ ಎಲೆಫ್ತೆರಿಯಾ ಚೌಕಕ್ಕೆ ಬರಬೇಕು ಅಂತ ಆಜ್ಞೆ. ಸುಮಾರು 9,000 ಜನ ಬಂದರು. ಬಿಸಿಲಿನಲ್ಲಿ ತಾಸುಗಟ್ಟಲೆ ನಿಲ್ಲಿಸಿ ಬಸ್ಕಿ ಹೊಡೆಸಿದರು, ಹೊಡೆದರು. ಆಮೇಲೆ ಸಾವಿರಾರು ಜನರನ್ನು ರಸ್ತೆ, ರೈಲು ಹಳಿಯ ಬಿಟ್ಟಿ ಕೆಲಸಕ್ಕೆ ಅಟ್ಟಿದರು. ಅಲ್ಲಿ ಜನ ಸಾಯತೊಡಗಿದರು. ಅವರನ್ನು ಬಿಡಿಸಿಕೊಳ್ಳಲು ಸಮಾಜ ಜರ್ಮನ್ ಆಡಳಿತಾಧಿಕಾರಿ ಮ್ಯಾಕ್ಸ್ ಮೆರ್ಟೆನ್ ಜೊತೆ ಹಣದ ಮಾತಿಗೆ ಕೂತಿತು. ಬೆಲೆ ಶತಕೋಟಿಗಟ್ಟಲೆ ದ್ರಾಕ್ಮಾ. ಆ ಚೌಕಾಸಿಯಲ್ಲಿ ಸ್ಮಶಾನದ ಮಾತೂ ಬಂತು. ಮೆರ್ಟೆನ್‌ಗೆ ಆ ಜಾಗ ಏನಕ್ಕೆ ಬೇಕಿತ್ತು? ಬೇಕಾಗಿದ್ದವರು ಊರಿನ ಗ್ರೀಕ್ ಅಧಿಕಾರಿಗಳು. ಗೋರಿಗಳನ್ನು ಊರ ಹೊರಗಿನ ಎರಡು ಜಾಗಗಳಿಗೆ ಸಾಗಿಸಿ ಅಂತ ಗ್ರೀಕ್ ರಾಜ್ಯಪಾಲರ ಕಚೇರಿಯಿಂದಲೇ ಆದೇಶ ಬಂತು. ಲಕ್ಷಾಂತರ ಗೋರಿ, ಎದುರಿಗೆ ಚಳಿಗಾಲ, ಗಟ್ಟಿಮುಟ್ಟಾದ ಗಂಡಸರೆಲ್ಲ ಬಿಟ್ಟಿ ಕೆಲಸದಲ್ಲಿ. ಯಾರು ಸಾಗಿಸಬೇಕು? 'ತಡ ಮಾಡಿದ್ರಿ' ಅಂತ ಹೇಳಿ ಡಿಸೆಂಬರಿನಲ್ಲಿ ಪುರಸಭೆ ತನ್ನ ಸಂಬಳದ ಸುಮಾರು 500 ಕೂಲಿಯಾಳುಗಳನ್ನು ಗುದ್ದಲಿ, ಸುತ್ತಿಗೆ ಕೊಟ್ಟು ಒಳಗೆ ಬಿಟ್ಟಿತು.

ಹಾಗಾಗಿ 'ಅರ್ಧ' ಅಂದೆ. ಬಂದೂಕು ಜರ್ಮನ್ನರದ್ದು. ಅರ್ಜಿ ಊರಿನವರದ್ದು, ಅದೂ ಹಳೇ ಅರ್ಜಿ.

ಬಯಲುಸೀಮೆ

1937ರ ವಿಷಯ ಗೊತ್ತಿರಲಿಲ್ಲ. ಸರಿ, ಅದನ್ನು ಒಪ್ಪುತ್ತೇನೆ. ಆದರೂ ಸುಮ್ನೆ ಕೇಳ್ತೀನಿ. ಊರು ಬೆಳೆದಾಗ ಸ್ಮಶಾನ ಹೊರಗೆ ಹಾಕೋದು ಎಲ್ಲಾ ಕಡೆ ಇರೋದೇ. ಯುದ್ಧಕ್ಕೆ ಮುಂಚೆ, ಶಾಂತಿಯಿಂದ ಇದ್ದಾಗಲೇ ಮೂಳೆ ಎತ್ತಿ ಬೇರೆ ಕಡೆ ಇಟ್ಟಿದ್ದರೆ ಏನಾಗುತ್ತಿತ್ತು? ಕಲ್ಲಾದರೂ ಉಳಿಯುತ್ತಿದ್ದವು.

ಹಳೇಬೇರು

ಇಲ್ಲೇ ಇರೋದು ಸಮಸ್ಯೆಯ ಬುಡ. ಯಹೂದಿ ಧರ್ಮದಲ್ಲಿ ಗೋರಿ ಬಾಡಿಗೆ ಜಾಗ ಅಲ್ಲ. ಹೂಳಿದ ಮೇಲೆ ಆ ನೆಲ ಸತ್ತವರದ್ದು. ಎತ್ತುವುದಕ್ಕೆ ಬಹಳ ಕಟ್ಟುನಿಟ್ಟಾದ ಕಾರಣ ಬೇಕು. ಇಸ್ರೇಲಿನ ಮಣ್ಣಿಗೆ ಒಯ್ಯುವುದು ಅಂಥದ್ದೊಂದು. 'ರಸ್ತೆ ಬರುತ್ತೆ' ಅನ್ನೋದು ಆ ಪಟ್ಟಿಯಲ್ಲಿಲ್ಲ.

ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರದ್ದು ನೋಡಿ, ತದ್ವಿರುದ್ಧ. ದೊಡ್ಡ ಊರುಗಳಲ್ಲಿ ಗೋರಿಯನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೆ ಕೊಡುತ್ತಾರೆ. ಆಮೇಲೆ ಮನೆಯವರು ಬಂದು ನಿಲ್ಲುತ್ತಾರೆ. ಮೂಳೆ ಎತ್ತಿ, ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಮೂಳೆಮನೆಗೆ ಸೇರಿಸುತ್ತಾರೆ. ಅವರಿಗೆ ಅದು ಅಗೌರವ ಅಲ್ಲ, ಅದೂ ಒಂದು ಸಂಸ್ಕಾರ. ಹಾಗೆ ಬೆಳೆದ ಪುರಸಭೆ ಗುಮಾಸ್ತನಿಗೆ 'ನಾನೂರು ವರ್ಷದ ಗೋರಿ ಮುಟ್ಟಬೇಡಿ' ಅನ್ನೋದು ಹಟ ಅಂತ ಕಂಡಿದ್ದರೆ ಆಶ್ಚರ್ಯ ಇಲ್ಲ.

ಇದು ಸಮರ್ಥನೆ ಅಲ್ಲ. ಬೇರೆಯವರಿಗೆ ಅದು ಏನು ಅಂತ ಕೇಳಿ ತಿಳಿಯಲು ಆ ಗುಮಾಸ್ತನಿಗೆ ಹದಿನೈದು ವರ್ಷ ಟೈಮ್ ಇತ್ತು. ಮನವಿಗಳಲ್ಲಿ ಬರೆದೇ ಇತ್ತಲ್ಲ.

ತುಂಗಾತೀರ

ಒಡೆದ ಕಲ್ಲೆಲ್ಲ ಏನಾದವು? ಲಕ್ಷಗಟ್ಟಲೆ ಚಪ್ಪಡಿ ಅಂದ್ರೆ ಗುಡ್ಡೆ ಆಗಬೇಕಲ್ಲ.

ನಕ್ಷೆಪ್ರೇಮಿ

ಊರೊಳಗೇ ಕರಗಿಹೋದವು. ಅಮೃತಶಿಲೆ, ಪುಕ್ಕಟೆ ಅಥವಾ ಅಗ್ಗ. ಯುದ್ಧಕಾಲದಲ್ಲಿ ಸಿಮೆಂಟು, ಇಟ್ಟಿಗೆ ಎಲ್ಲಿ ಸಿಗುತ್ತೆ? ಪುರಸಭೆ ಗುಡ್ಡೆ ಹಾಕಿ ಹಂಚಿತು, ಮಾರಿತು. ಜರ್ಮನ್ ಸೈನ್ಯ ಈಜುಕೊಳಕ್ಕೆ ಹಾಕಿಕೊಂಡಿತು. 1917ರ ಬೆಂಕಿಯಲ್ಲಿ ಸುಟ್ಟಿದ್ದ ಸಂತ ದಿಮಿತ್ರಿಯೊಸ್ ಚರ್ಚಿನ ಕೆಲಸಕ್ಕೂ ಹೋದವು. ಅದು ಊರ ದೇವರ ಚರ್ಚು! ಕಾಲುದಾರಿ, ಶಾಲೆ ಅಂಗಳ, ಮನೆಯ ಮೆಟ್ಟಿಲು, ಗೋಡೆ, ಎಲ್ಲದಕ್ಕೂ. ಹಲವು ಕಡೆ ಅಕ್ಷರದ ಮುಖ ಮೇಲೇ ಇತ್ತು, ತಿರುಗಿಸುವ ಗೋಜಿಗೂ ಹೋಗಿರಲಿಲ್ಲ.

1943ರ ಮಾರ್ಚ್ 15ಕ್ಕೆ ಮೊದಲ ರೈಲು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ಗೆ ಹೊರಟಿತು. ಆಗಸ್ಟಿನೊಳಗೆ ಸುಮಾರು 46 ಸಾವಿರ ಜನರನ್ನು ಸಾಗಿಸಿದರು. ಅಂದರೆ ಸ್ಮಶಾನ ಒಡೆದ ದಿನದಿಂದ ನೂರು ದಿನದೊಳಗೆ ಬದುಕಿದ್ದವರ ಸರದಿ ಬಂತು. ಯುದ್ಧ ಮುಗಿದಾಗ ಊರಿನಲ್ಲಿ ಉಳಿದವರು ಎರಡು ಸಾವಿರಕ್ಕಿಂತ ಕಮ್ಮಿ. ಅವರು ಕಲ್ಲು ವಾಪಸ್ ಕೊಡಿ ಅಂತ ಕಚೇರಿ ಕಚೇರಿ ಅಲೆದರು. ಕೆಲವು ಸಿಕ್ಕವು, ಬಹುಪಾಲು ಸಿಗಲಿಲ್ಲ. ಯೂನಿವರ್ಸಿಟಿ ಯುದ್ಧದ ನಂತರ ಒಂದರ ಪಕ್ಕ ಒಂದು ಕಟ್ಟಡ ಎಬ್ಬಿಸುತ್ತಾ ಹೋಯಿತು.

ಕಲ್ಲು ಇನ್ನೂ ಸಿಗುತ್ತಾ ಇವೆ. 2012ರಲ್ಲಿ ಊರಿನ ಒಂದು ಖಾಲಿ ಜಾಗದಲ್ಲಿ ಹೂತಿದ್ದ 600ಕ್ಕೂ ಹೆಚ್ಚು ತುಂಡುಗಳು ಒಟ್ಟಿಗೆ ಸಿಕ್ಕವು.

ಮೆರ್ಟೆನ್ ಕಥೆ ಏನಾಯ್ತು ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡ್ತೀನಿ. 1957ರಲ್ಲಿ ಯಾವುದೋ ಕೇಸಿಗೆ ಸಾಕ್ಷಿ ಹೇಳಲು ಅಥೆನ್ಸಿಗೆ ಆರಾಮಾಗಿ ಬಂದ. ಹಿಡಿದರು. 1959ರಲ್ಲಿ 25 ವರ್ಷ ಶಿಕ್ಷೆ ಆಯಿತು. ಅದೇ ವರ್ಷ ಜರ್ಮನಿಗೆ ವಾಪಸ್ ಹೋದ.

ಕಲ್ಲುಬಾಳೆ

ಕಲ್ಲಿನ ವಿಷಯ ಓದಿ ನಮ್ಮ ಕಡೆಯ ವೀರಗಲ್ಲುಗಳು ನೆನಪಾದವು. ಎಷ್ಟು ಊರಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ, ಮೋರಿಗೆ ಅಡ್ಡ ಹಾಕಿದ್ದಾರೆ. ಒಂದು ವ್ಯತ್ಯಾಸ ಇದೆ. ಅಲ್ಲಿ ಆ ವೀರ ಯಾರು ಅಂತ ಊರಿಗೆ ಮರೆತೇ ಹೋಗಿರುತ್ತೆ. ಇಲ್ಲಿ ಮಗ ಇನ್ನೂ ಊರಲ್ಲಿದ್ದಾನೆ, ಅಪ್ಪನ ಕಲ್ಲು ಒಡೆಯುತ್ತಿದ್ದಾರೆ.

ಒಂದು ಪ್ರಶ್ನೆ. ಕಲ್ಲಿನ ಬರಹಗಳನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರಾ? ಶಾಸನ ಓದುವವರಿಗೆ ಅದು ಚಿನ್ನ.

ಹಳೇಬೇರು

ಹೌದು. ಮೈಕಲ್ ಮೋಲ್ಖೊ ಅನ್ನುವ ರಬ್ಬಿ (ಯಹೂದಿ ಧರ್ಮಗುರು) ಸಾಧ್ಯವಾದಷ್ಟು ಬರಹಗಳನ್ನು ನಕಲು ಮಾಡಿಟ್ಟುಕೊಂಡರು. ಯುದ್ಧದಲ್ಲಿ ಬದುಕಿ ಉಳಿದರು, ಆ ಬರಹಗಳು ಆಮೇಲೆ ಪ್ರಕಟವಾದವು. ಲಕ್ಷಗಟ್ಟಲೆ ಕಲ್ಲಿನ ಮುಂದೆ ಅದು ಚೂರು, ಆದರೆ ಆ ಚೂರು ಇರೋದರಿಂದ ತಾನೇ ನಾವು ಮಾತಾಡ್ತಿರೋದು.

ಅಲ್ಲಿ ಮಣ್ಣಾದವರಲ್ಲಿ ಒಬ್ಬರ ಹೆಸರು ಹೇಳ್ತೀನಿ. ಅಮಾತುಸ್ ಲುಸಿಟಾನುಸ್, ಪೋರ್ಚುಗಲ್‌ನಲ್ಲಿ ಹುಟ್ಟಿದ ವೈದ್ಯ. ಪೋಪ್ ಮೂರನೇ ಜೂಲಿಯಸ್‌ಗೆ ಚಿಕಿತ್ಸೆ ಕೊಟ್ಟವನು. ರಕ್ತನಾಳದ ಒಳಗಿನ ಕವಾಟಗಳ ಬಗ್ಗೆ ಬಹಳ ಮುಂಚೆಯೇ ಬರೆದವನು. ಯಹೂದಿ ಅನ್ನೋ ಕಾರಣಕ್ಕೆ ಇಟಲಿಯಲ್ಲೂ ನಿಲ್ಲಲು ಬಿಡಲಿಲ್ಲ. ಕೊನೆಗೆ ಥೆಸಲೊನೀಕಿಗೆ ಬಂದ. 1568ರಲ್ಲಿ ಪ್ಲೇಗ್ ರೋಗಿಗಳನ್ನು ನೋಡುತ್ತಲೇ ತಾನೂ ಪ್ಲೇಗಿಗೆ ಸತ್ತ. ಈಗ ಅದೇ ಕ್ಯಾಂಪಸ್ಸಿನಲ್ಲಿ ಮೆಡಿಕಲ್ ಕಾಲೇಜು ಇದೆ.

ಕೆಂಪುಹಂಚು

ಬೆಂಗಳೂರಿನಲ್ಲೂ ಒಂದು ಯಹೂದಿ ಸ್ಮಶಾನ ಇದೆ, ಮೈಸೂರು ರಸ್ತೆಯಲ್ಲಿ. 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ. ಕೆಲವೇ ಡಜನ್ ಗೋರಿಗಳು. ಬಸ್ಸಿನಲ್ಲಿ ಹೋಗುವ ಯಾರಿಗೂ ಗೊತ್ತೇ ಆಗಲ್ಲ. ಅದರ ಬಗ್ಗೆ ಬೇರೆ ಚರ್ಚೆ ತೆರೆಯಬಹುದಾ?

ನಕ್ಷೆಪ್ರೇಮಿ

ದಯವಿಟ್ಟು ತೆರೆಯಿರಿ. ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ದಂಡಿನದಾರಿ

ಭಾರತದ ನಂಟು ಥೆಸಲೊನೀಕಿಗೂ ಇದೆ. ಮೊದಲ ಮಹಾಯುದ್ಧದಲ್ಲಿ ಆ ರಂಗಕ್ಕೆ ಹೋಗಿ ಸತ್ತ ಭಾರತೀಯ ಸೈನಿಕರಿಗೆ ಅಲ್ಲಿ ಬೇರೆಯೇ ಒಂದು ಸ್ಮಶಾನ ಇದೆ, ಮೊನಾಸ್ತಿರ್ ರಸ್ತೆ ಭಾರತೀಯ ಸ್ಮಶಾನ ಅಂತ. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಆ ಕಡೆ ಹೋಗಿದ್ದರಲ್ವಾ?

ಹಳೇಬೇರು

ಇಲ್ಲ ಸಾರ್. ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗ ಅವರದ್ದು. ಸ್ಮಶಾನದ ವಿಷಯ ಸರಿ. ಯುದ್ಧ ಸಮಾಧಿಗಳ ಆಯೋಗದವರು ಈಗಲೂ ನೋಡಿಕೊಳ್ಳುತ್ತಾರೆ. ಅದೇ ಊರಿನಲ್ಲಿ, ದೂರದ ದೇಶದಿಂದ ಬಂದು ಸತ್ತವರ ಜಾಗ ಉಳಿಯಿತು. ಅವರ ಹಿಂದೆ ಒಂದು ಸರ್ಕಾರ ಇತ್ತು, ಒಪ್ಪಂದದ ಕಾಗದ ಇತ್ತು. ಊರಲ್ಲೇ ಹುಟ್ಟಿ ಸತ್ತವರ ಹಿಂದೆ ಅದ್ಯಾವುದೂ ಇರಲಿಲ್ಲ.

ತುಂಗಾತೀರ

ಈಗ ಕ್ಯಾಂಪಸ್ಸಿನಲ್ಲಿ ಒಂದು ಫಲಕವಾದರೂ ಇದೆಯಾ? ಅಲ್ಲಿ ಓದುವ ಹುಡುಗರಿಗೆ ಗೊತ್ತಾ?

ನಕ್ಷೆಪ್ರೇಮಿ

2014ರ ನವೆಂಬರ್ 9ಕ್ಕೆ ಒಂದು ಸ್ಮಾರಕ ಬಂತು. ಏಳು ಕವಲಿನ ದೀಪಸ್ತಂಭ, ಸುತ್ತ ಹುಲ್ಲಿನ ಮೇಲೆ ಗೋರಿಗಲ್ಲುಗಳು. ಅಂದರೆ 72 ವರ್ಷ ಆದ ಮೇಲೆ. ಆಗಿನ ಮೇಯರ್ ಯಾನಿಸ್ ಬುತಾರಿಸ್ 'ನಮಗೆ ನಾಚಿಕೆ ಆಗಬೇಕು' ಅನ್ನುವ ಧಾಟಿಯಲ್ಲೇ ಅಲ್ಲಿ ಮಾತಾಡಿದರು. ಅದೇ ವರ್ಷ ಎರಡನೇ ಸಲ ಮೇಯರ್ ಆಗಿ ಪ್ರಮಾಣ ಮಾಡುವಾಗ ನಾಜಿಗಳು ಯಹೂದಿಗಳಿಗೆ ಬಲವಂತವಾಗಿ ಹಾಕಿಸುತ್ತಿದ್ದ ಹಳದಿ ನಕ್ಷತ್ರವನ್ನು ಕೋಟಿನ ಮೇಲೆ ಅಂಟಿಸಿಕೊಂಡು ಬಂದಿದ್ದರು. ನಾಜಿ ಪರ ಪಕ್ಷದವರೊಬ್ಬರು ಕೌನ್ಸಿಲಿಗೆ ಗೆದ್ದು ಬಂದಿದ್ದಕ್ಕೆ ಪ್ರತಿಭಟನೆ ಅದು. ವೈನ್ ವ್ಯಾಪಾರಿಯಾಗಿದ್ದರು, ಬಾಯಿ ಸ್ವಲ್ಪ ಜೋರಿತ್ತು, ನನಗಂತೂ ಇಷ್ಟವಾಗಿದ್ದರು. ಸ್ಮಾರಕವನ್ನು ಆಮೇಲೆ ಹಲವು ಸಲ ಹಾಳು ಮಾಡಿದ್ದಾರೆ. 2018, 2019ರಲ್ಲೂ ಆಯಿತು.

ಹುಡುಗರಿಗೆ ಗೊತ್ತಾ ಅಂದರೆ, ನನ್ನ ಜೊತೆ ಓದಿದವರಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತಿತ್ತು. ಹಲವರಿಗೆ 'ಹೌದು, ಏನೋ ಇತ್ತಂತೆ' ಅನ್ನುವಷ್ಟು. ಒಬ್ಬ ಮಾತ್ರ 'ಜರ್ಮನ್ನರು ಮಾಡಿದ್ದು' ಅಂತ ಹೇಳಿ ಮಾತು ಬದಲಿಸಿದ. ಅದಕ್ಕೇ ಈ ಚರ್ಚೆ.

ಬಯಲುಸೀಮೆ

ಮುಂದಿನ ವರ್ಷ ಆ ಕಡೆ ಹೋಗುವ ಯೋಚನೆ ಇದೆ. ಏನೇನು ನೋಡಬಹುದು ಹೇಳಿ.

ಸಂಪಿಗೆಮರ

ಮೊದಲು ಮ್ಯೂಸಿಯಂ, ಅಗಿಯೂ ಮಿನಾ ಬೀದಿಯಲ್ಲಿದೆ. ಬೆಳಿಗ್ಗೆಯೇ ಹೋಗಿ. ಶನಿವಾರ ಮುಚ್ಚಿರುತ್ತದೆ. ಅಲ್ಲಿಂದ ಎಲೆಫ್ತೆರಿಯಾ ಚೌಕ ನಡೆಯುವ ದೂರ. ಕ್ಯಾಂಪಸ್ಸಿಗೆ 2024ರ ಕೊನೆಯಲ್ಲಿ ಶುರುವಾದ ಮೆಟ್ರೋ ಇದೆ, ಪಾನೆಪಿಸ್ತಿಮಿಯೊ ಅನ್ನುವ ಸ್ಟೇಷನ್ನಿನಲ್ಲಿ ಇಳಿಯಿರಿ. ಈಗಿನ ಯಹೂದಿ ಸ್ಮಶಾನ ಸ್ಟಾವ್ರೂಪೊಲಿ ಅನ್ನುವ ಕಡೆ ಇದೆ. ಅಲ್ಲಿಗೆ ಹೋಗುವುದಾದರೆ ಮೊದಲೇ ಸಮಾಜದ ಕಚೇರಿಗೆ ಬರೆದು ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ.